ಒಂದ್ಸಲ ಅಟ್ಟಕ್ಕೆ ಹತ್ತಿ ನೋಡಿ ಮಾರಾಯ್ರೆ

ಪಕ್ಕದ ಮನೆಯವರು ಹೊಸ ಚಾವಣಿ ಹಾಕಿಸುತ್ತಿದ್ದಾರೆ. ಗಂಡ ಹೆಂಡತಿ ಇಬ್ಬರೂ ಬಣ್ಣದ ಸ್ಯಾಂಪಲ್‌ಗಳನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು ವಾರಗಟ್ಟಲೆ ಚರ್ಚೆ ಮಾಡಿದರು. ಇವತ್ತು ಬೆಳಗ್ಗೆ ಹಳೆಯ ಹೊದಿಕೆಯನ್ನೆಲ್ಲ ಕಿತ್ತಿದ್ದರು. ಕೆಳಗಿನ ಪ್ಲೈವುಡ್ ಹಲಗೆಗಳು ಪೂರ್ತಿ ಕಾಣುತ್ತಿದ್ದವು. "ಮೊಳೆ ಇನ್ನಷ್ಟು ಹೊಡೆಸ್ತೀರಾ? ಹಲಗೆ ಸಂದಿಗೆ ಟೇಪ್ ಹಾಕಿಸ್ತೀರಾ?" ಅಂತ ಕೇಳಿದೆ. "ಅದೆಲ್ಲ ಕಂಟ್ರಾಕ್ಟರ್ ನೋಡ್ಕೋತಾರೆ ಸರ್" ಅಂದರು. ಕಂಟ್ರಾಕ್ಟರ್‌ನನ್ನು ಕೇಳಿದರೆ "ಅವರೇನೂ ಹೇಳಿಲ್ಲವಲ್ಲ" ಅಂದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಚ್ಚಿಯಾಗಿತ್ತು. ಇನ್ನು ಎಷ್ಟೋ ವರ್ಷ ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ನನಗೆ ಸಿಟ್ಟು ಬಂದಿದೆ. ನಾನು ಇದೇ ಕೆಲಸದಲ್ಲಿ ತಲೆ ನೆರೆಸಿಕೊಂಡವನು ಅಂತ ನಿಮಗೆ ಗೊತ್ತು. ಚಂಡಮಾರುತ ಬಂದಾಗ ಚಾವಣಿ ಉಳಿಯುತ್ತೋ ಇಲ್ಲವೋ ಅನ್ನುವುದು ಈ ಮುಚ್ಚಿಹೋಗುವ ಕೆಲಸದ ಮೇಲೇ ನಿಂತಿದೆ. ಅದಕ್ಕೇ ಹೇಳದೆ ಇರಲಾರೆ.

ಗಾಳಿ ಚಾವಣಿಯನ್ನು ಕೆಳಕ್ಕೆ ಒತ್ತುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಚಂಡಮಾರುತದಲ್ಲಿ ಅದು ಮೇಲಕ್ಕೆ ಎಳೆಯುತ್ತದೆ. ಗಾಳಿ ಚಾವಣಿಯ ಮೇಲೆ ಹಾದು ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಅಂಚು, ಮೂಲೆಗಳಲ್ಲಿ ಈ ಎಳೆತ ತುಂಬಾ ಜಾಸ್ತಿ. ಅಷ್ಟರಲ್ಲಿ ಒಂದು ಕಿಟಕಿಯೋ ಗ್ಯಾರೇಜ್ ಬಾಗಿಲೋ ಒಡೆದರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದ ನೂಕುತ್ತದೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಕಿಟಕಿ ಗಾಜಿಗೆ ಟೇಪ್ ಅಂಟಿಸಿ ಸಮಾಧಾನ ಮಾಡಿಕೊಳ್ಳುವವರು ಇದನ್ನು ಕೇಳಿಸಿಕೊಳ್ಳಿ: ಆ ಟೇಪಿನಿಂದ ಗಾಜು ಉಳಿಯುವುದಿಲ್ಲ. ಗಟ್ಟಿ ಶಟರ್ ಬೇಕು.

ಮರದ ಚಾವಣಿಗಳಲ್ಲಿ ತೊಲೆಯನ್ನು ಗೋಡೆಗೆ ಸೇರಿಸಿರುವುದು ಎಷ್ಟೋ ಕಡೆ ಓರೆಯಾಗಿ ಹೊಡೆದ ಎರಡು ಮೂರು ಮೊಳೆ ಮಾತ್ರ. ಭಾರ ಕೆಳಕ್ಕೆ ಇರುವಷ್ಟು ದಿನ ಏನೂ ಆಗುವುದಿಲ್ಲ. ಮೇಲಕ್ಕೆ ಎಳೆದಾಗ ಅವು ಸುಮ್ನೆ ಕಿತ್ತು ಬರುತ್ತವೆ. ಅಲ್ಲಿ ತುಕ್ಕು ಹಿಡಿಯದ ಕಬ್ಬಿಣದ ಪಟ್ಟಿ ಬೇಕು, ತೊಲೆಯ ಮೇಲಿಂದ ಬಳಸಿ ಗೋಡೆಗೆ ಬಿಗಿದದ್ದು. ಗೋಡೆಯೂ ಅಡಿಪಾಯಕ್ಕೆ ಹಾಗೇ ಬಿಗಿದಿರಬೇಕು. ನಡುವೆ ಒಂದು ಕಡೆ ಸಡಿಲವಿದ್ದರೂ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ, ತಲೆಯೆತ್ತಿ ಪ್ಲೈವುಡ್ಡಿನ ಅಡಿ ನೋಡಿ. ತೊಲೆಯ ಪಕ್ಕದಲ್ಲಿ ಮೊಳೆಯ ಮೊನೆಗಳು ಮಿನುಗುತ್ತಾ ಕಾಣಿಸುತ್ತವಾ? ಅವು ಗುರಿ ತಪ್ಪಿದ ಮೊಳೆಗಳು. ಹೊರಗಿಂದ ನೋಡಿದರೆ ಲೆಕ್ಕ ಸರಿ ಇರುತ್ತದೆ. ಒಳಗೆ ಅವು ಯಾವ ತೊಲೆಯನ್ನೂ ಹಿಡಿದಿಲ್ಲ. ಸಾಲಿಗೆ ಸಾಲೇ ಹಾಗಿದ್ದರೆ ಆ ಹಲಗೆ ಬರೀ ತನ್ನ ಭಾರಕ್ಕೆ ಕೂತಿದೆ ಅಂತ ಅರ್ಥ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ದಕ್ಷಿಣ ಫ್ಲೋರಿಡಾಕ್ಕೆ ಅಪ್ಪಳಿಸಿದ ಮೇಲೆ ಪರಿಶೀಲಿಸಿದವರಿಗೆ ಸಿಕ್ಕಿದ್ದೂ ಇದೇ: ತೊಲೆ ತಪ್ಪಿದ ಮೊಳೆ, ಮೊಳೆಯ ಜಾಗದಲ್ಲಿ ಸ್ಟೇಪಲ್, ಇಳಿಜಾರು ಚಾವಣಿಯ ತುದಿಯಲ್ಲಿ ಆಸರೆಯಿಲ್ಲದ ತ್ರಿಕೋನದ ಗೋಡೆ. ಆಮೇಲೆ ನಿಯಮ ಬಿಗಿ ಮಾಡಿದರು. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. 2004ರಲ್ಲಿ ಅಲ್ಲಿಗೆ ಚಾರ್ಲಿ ಚಂಡಮಾರುತ ಬಂದಾಗ ಹೊಸ ನಿಯಮದಂತೆ ಕಟ್ಟಿದ ಮನೆಗಳು ಹಳೆಯವುಗಳಿಗಿಂತ ಚೆನ್ನಾಗಿ ಉಳಿದವು.

"ಐದನೇ ವರ್ಗದ್ದು, ಅಂದ್ರೆ ಎಲ್ಲಕ್ಕಿಂತ ಜೋರಿನ ಚಂಡಮಾರುತ ಬಂದರೆ ಯಾವ ಮೊಳೆ ತಡೆಯುತ್ತೆ ಬಿಡಿ" ಅಂತ ಕೆಲವರು ಬರೆಯುತ್ತಾರೆ, ನನಗೆ ಗೊತ್ತು. ಗಂಟೆಗೆ 252 ಕಿಲೋಮೀಟರ್ ದಾಟಿದ ಗಾಳಿ ಭಯಂಕರವೇ, ಒಪ್ಪಿದೆ. ಆದರೆ ಅಂಥ ಗಾಳಿ ಬೀಸುವುದು ಚಂಡಮಾರುತದ ಕಣ್ಣಿನ, ಅಂದರೆ ನಡುವಿನ ಶಾಂತ ಭಾಗದ, ಸುತ್ತಲ ಕಿರಿದಾದ ಪಟ್ಟಿಯಲ್ಲಿ. ಹೆಚ್ಚಿನ ಮನೆಗಳಿಗೆ ತಗಲುವುದು ಅದಕ್ಕಿಂತ ಕಡಿಮೆ ಗಾಳಿ, ಅದಕ್ಕೆ ತಯಾರಿ ಮಾಡಿಕೊಳ್ಳಬಹುದು. ಮಾಡದೆ ಕೂತು ದೇವರ ಮೇಲೆ ಭಾರ ಹಾಕುವುದು ನನಗೆ ಸಹಿಸಲಾಗುವುದಿಲ್ಲ. ವಿಮೆ ಇದೆಯಲ್ಲ ಅನ್ನುವವರೂ ಇದ್ದಾರೆ. ವಿಮೆ ದುಡ್ಡು ಕೊಡಬಹುದು. ಆ ರಾತ್ರಿ ಮಕ್ಕಳ ತಲೆಯ ಮೇಲೆ ಏನಿರುತ್ತೆ?

ಇನ್ನು ನೀರು. ಚಾವಣಿ ಪೂರ್ತಿ ಹಾರದೆ ಬರೀ ಮೇಲಿನ ಹೊದಿಕೆ ಹೋದರೂ ನೀರು ಒಳಗೆ ಬರುತ್ತದೆ. ಹಲಗೆ ಹಲಗೆಯ ನಡುವಿನ ಮೂರು ಮಿಲಿಮೀಟರ್ ಸಂದಿ ಸಾಕು. ಅಲ್ಲಿಂದ ಇಳಿದ ಮಳೆನೀರು ಅಟ್ಟ ನೆನೆಸಿ, ಸೀಲಿಂಗ್ ಕುಸಿದು ಹಾಸಿಗೆ ಮೇಲೆ ಬೀಳುತ್ತದೆ. ಆಮೇಲೆ ಗೋಡೆಯೆಲ್ಲ ಬೂಸ್ಟು. ಸಂದಿಗೆ ಅಂಟುವ ಟೇಪ್, ಅದರ ಮೇಲೆ ನೀರು ತಡೆಯುವ ಒಳ್ಳೆಯ ಒಳಹೊದಿಕೆ ಇದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಆದರೆ ಅದನ್ನು ಹಾಕಲು ಸಲೀಸಾದ ಸಮಯ ಹಳೆಯ ಹೊದಿಕೆ ತೆಗೆದ ಆ ಒಂದೆರಡು ದಿನ ಮಾತ್ರ. ಮೈಯಲ್ಲಿ ಉಂಗುರದಂಥ ಗೀರುಗಳಿರುವ ಮೊಳೆ ಹೊಡೆಸುವುದಕ್ಕೂ ಅದೇ ಹೊತ್ತು. ನಯವಾದ ಮೊಳೆಗಿಂತ ಅದರ ಹಿಡಿತ ಎಷ್ಟೋ ಗಟ್ಟಿ.

ಗಾಳಿ ಜೋರಾದ ರಾತ್ರಿ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. ಅಂಚಿನ ತಗಡು ಪಟಪಟ ಅಂದರೆ ಎದ್ದು ಕೂರುತ್ತೇನೆ.

ಚಾವಣಿ ಬದಲಿಸುವ ಯೋಚನೆ ಇರುವವರು ಕೊಟೇಶನ್‌ನಲ್ಲೇ ಮೊಳೆ ಯಾವುದು, ಎಷ್ಟು ಅಂತರ, ಟೇಪ್ ಉಂಟೋ ಇಲ್ಲವೋ ಅಂತ ಬರೆಸಿಕೊಳ್ಳಿ. ಮುಚ್ಚುವ ಮೊದಲು ಫೋಟೋ ತೆಗೆಸಿ. ಉಳಿದವರು ನಿಮ್ಮ ಅಟ್ಟದ ಫೋಟೋ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಮಳೆಗಾಲಕ್ಕೆ ಮೊದಲೇ ಕಳಿಸಿ.