ಚುನಾವಣೆ ಬಂದಾಗಲೆಲ್ಲ ನಮ್ಮ ಕೋವಿ ಯಾಕೆ ಠಾಣೆಗೆ ಹೋಗಬೇಕು?

ಚುನಾವಣೆ ದಿನಾಂಕ ಘೋಷಣೆಯಾದರೆ ಸಾಕು, ಠಾಣೆಯಿಂದ ಫೋನ್. "ಕೋವಿ ತಂದಿಡಿ, ಮೇಲಿನಿಂದ ಆರ್ಡರ್ ಬಂದಿದೆ." ಆರ್ಡರ್ ಕಾಪಿ ಕೊಡಿ ಅಂದರೆ ಕೊಡುವುದಿಲ್ಲ. ಕೊಟ್ಟರೂ ಅದರಲ್ಲಿರುವುದು ಒಂದೇ ಸಾಲು: ಲೈಸೆನ್ಸ್ ಇರುವ ಎಲ್ಲರೂ ಠೇವಣಿ ಇಡತಕ್ಕದ್ದು. ಕಾಡುಪ್ರಾಣಿಗಳಿಂದ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮಲೆನಾಡು, ಕರಾವಳಿಯ ಕೃಷಿಕರಿಗೆ ಲೋಕಸಭೆ, ವಿಧಾನಸಭೆ, ಪಂಚಾಯತಿ ಅಂತ ಪ್ರತಿ ಸಲವೂ ಇದೇ ಗೋಳು.

ಹೊಟ್ಟೆ ಉರಿಯುವುದು ಯಾಕೆಂದರೆ, ನಿಯಮ ಹಾಗೆ ಹೇಳುವುದೇ ಇಲ್ಲ. ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ ಚುನಾವಣಾ ಆಯೋಗ 2009ರಲ್ಲೇ ಸ್ಪಷ್ಟ ಸೂಚನೆ ಕೊಟ್ಟಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಇರುವ ಪರಿಶೀಲನಾ ಸಮಿತಿ ಕೂತು ಒಂದೊಂದೇ ಲೈಸೆನ್ಸ್ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಹೆಸರು ಬಂದವರು – ಮುಖ್ಯವಾಗಿ ಇಂಥವರನ್ನು ಹುಡುಕಿ ಕೋವಿ ಇಡಿಸಿಕೊಳ್ಳಬೇಕು. ಸಮಿತಿ ಇರುವುದೇ ಆರಿಸುವುದಕ್ಕೆ. ಎಲ್ಲರದ್ದೂ ತನ್ನಿ ಅನ್ನುವುದಾದರೆ ಸಮಿತಿ ಯಾತಕ್ಕೆ? ಆರಿಸಬೇಕಾದರೆ ಕಡತ ತೆರೆಯಬೇಕು, ಕೇಸ್ ಇದೆಯಾ ನೋಡಬೇಕು, ಕಾರಣ ಬರೆದು ಸಹಿ ಹಾಕಬೇಕು. ಆ ಕೆಲಸ ತಪ್ಪಿಸಿಕೊಳ್ಳಲು ಇಡೀ ಜಿಲ್ಲೆಗೆ ಒಂದೇ ಆದೇಶ. ಕೋರ್ಟಿಗೆ ಹೋದ ಕೆಲವರಿಗೆ ಕೋವಿ ವಾಪಸ್ ಸಿಕ್ಕಿದೆ. ಆದರೆ ಎರಡು ಎಕರೆ ಅಡಿಕೆ ತೋಟದವನು ಪ್ರತಿ ಚುನಾವಣೆಗೂ ವಕೀಲರನ್ನು ಹಿಡಿದು ಬೆಂಗಳೂರಿಗೆ ಓಡಬೇಕಾ?

ಲೆಕ್ಕ ನೋಡಿ. 2024ರ ಲೋಕಸಭೆ ಚುನಾವಣೆಯ ಘೋಷಣೆ ಮಾರ್ಚ್ 16ಕ್ಕೆ. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೆ. ಎಣಿಕೆ ಜೂನ್ 4ಕ್ಕೆ. ಘೋಷಣೆಯಿಂದ ಎಣಿಕೆಗೆ 80 ದಿನ, ಅದರ ಮೇಲೆ ವಾಪಸ್ ಕೊಡಲು ಇನ್ನೊಂದು ವಾರ. ನಮ್ಮೂರಿನ ಮತದಾನ ಮುಗಿದ ಮೇಲೂ 39 ದಿನ ಕೋವಿ ಠಾಣೆಯಲ್ಲೇ. ಹಲಸು ಹಣ್ಣಾಗಿ ಬೀಳುವ ಕಾಲವೂ ಅದೇ. ಆ ವಾಸನೆಗೆ ಹಂದಿ, ಆನೆ ತೋಟಕ್ಕೆ ಇಳಿಯುತ್ತವೆ. ಹಂದಿ ಹಿಂಡು ಒಂದು ರಾತ್ರಿ ಹೊಕ್ಕರೆ ಬಾಳೆ ಬುಡ ಅಗೆದು, ಹೊಸ ಅಡಿಕೆ ಸಸಿ ಮಗುಚಿ ಹಾಕಿ ಹೋಗುತ್ತದೆ. ಹಗಲು ಮಂಗಗಳು ಎಳನೀರು ಕಿತ್ತು ಬಿಸಾಡುತ್ತವೆ. ಕೊಲ್ಲುವ ಮಾತೇ ಇಲ್ಲ, ಗಾಳಿಗೆ ಒಂದು ಈಡು ಹಾರಿಸಿದರೆ ಹಿಂಡು ಚದುರುತ್ತದೆ, ಅಷ್ಟೇ ಬೇಕಾದ್ದು. ಗರ್ನಾಲು ಪಟಾಕಿ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಅವುಗಳಿಗೆ ಅಭ್ಯಾಸವಾಗಿರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಕೇಪಿನ ಕೋವಿಗೆ (ನಳಿಗೆಯ ಬಾಯಿಂದ ಮದ್ದು ತುಂಬಿಸಿ, ಕೇಪು ಎಂಬ ಸಣ್ಣ ಸಿಡಿಮದ್ದಿನ ಟೋಪಿಯಿಂದ ಕಿಡಿ ಹತ್ತಿಸುವ ಹಳೇ ಮಾದರಿಯ ಕೋವಿ) ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಕೊಡಲು ಹೇಳಿದೆ. ಪೊಲೀಸರೇ ವಿಚಾರಿಸಿ, ವರದಿ ಕೊಟ್ಟು, ಆಮೇಲೆ ಸಿಕ್ಕಿದ ಲೈಸೆನ್ಸ್ ಅದು. ಕಳ್ಳಕೋವಿ ಇಟ್ಟುಕೊಂಡವನಿಗೆ ಈ ಫೋನ್ ಹೋಗುವುದಿಲ್ಲ, ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಕಾನೂನು ಪಾಲಿಸಿದವನೇ ಸಾಲಿನಲ್ಲಿ ನಿಲ್ಲಬೇಕು.

ಠಾಣೆಯಲ್ಲಿ ಕೋವಿಯ ಗತಿ ಏನು? ಒಂದು ಮೂಲೆಯಲ್ಲಿ ಕಟ್ಟಿಗೆ ಹೊರೆಯ ಹಾಗೆ ಒರಗಿಸಿ, ನಳಿಗೆಗೆ ಸುತ್ತಲಿ ದಾರದಲ್ಲಿ ಚೀಟಿ ಕಟ್ಟಿಡುತ್ತಾರೆ. ಏಪ್ರಿಲ್, ಮೇ ಸೆಕೆಗೆ, ಜೂನ್ ಮಳೆಯ ತೇವಕ್ಕೆ ನಳಿಗೆಯೊಳಗೆ ತುಕ್ಕು. ಕೇಪಿನ ಕೋವಿಯದ್ದು ಇನ್ನೂ ಕಷ್ಟ. ಒಳಗೆ ಉಳಿದ ಕರಿಮದ್ದಿನ ಮಸಿ ಗಾಳಿಯ ನೀರನ್ನು ಎಳೆದುಕೊಂಡು ಕೇಪು ಕೂರುವಲ್ಲಿನ ಸಣ್ಣ ತೂತನ್ನೇ ಮುಚ್ಚುತ್ತದೆ. ಮನೆಗೆ ತಂದು ಮದ್ದು ತುಂಬಿಸಿ ಹೊಡೆದರೆ ಕೇಪು ಮಾತ್ರ ಪಟ್ ಅನ್ನುತ್ತದೆ, ಮದ್ದಿಗೆ ಬೆಂಕಿ ಹತ್ತುವುದಿಲ್ಲ. ತುಂಬಿದ ಕೋವಿ ಕೈಯಲ್ಲೇ ಉಳಿಯುತ್ತದೆ. ಇದು ಜೀವಕ್ಕೇ ಅಪಾಯ.

ಹಾಗಾಗಿ ಕೊಡಲೇಬೇಕಾಗಿ ಬಂದರೆ ಮೊದಲು ಖಾಲಿ ಮಾಡಿ. ಕೇಪಿನ ಕೋವಿಯಾದರೆ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗೂ ಹೊರಗೂ ತೆಳುವಾಗಿ ಮಷೀನ್ ಆಯಿಲ್ ಹಚ್ಚಿ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಬಾಯಿಗೆ ಬಟ್ಟೆ ತುರುಕಬೇಡಿ, ತೇವ ಅಲ್ಲೇ ನಿಲ್ಲುತ್ತದೆ. ರಶೀದಿಯಲ್ಲಿ ಲೈಸೆನ್ಸ್ ನಂಬರ್, ಕೋವಿ ನಂಬರ್, ಒಂಟಿನಳಿಗೆಯೋ ಜೋಡುನಳಿಗೆಯೋ, ತೋಟೆ ಎಷ್ಟು, ಎಲ್ಲ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಠಾಣೆಯ ಬದಲು, ಕೋವಿ ಮಾರಲು ಲೈಸೆನ್ಸ್ ಇರುವ ಅಂಗಡಿಯಲ್ಲೂ ಇಡಬಹುದು. ಎಣ್ಣೆ ಹಾಕಿ ನೋಡಿಕೊಳ್ಳುತ್ತಾರೆ, ಆದರೆ ಬಾಡಿಗೆ ನಮ್ಮ ಜೇಬಿನಿಂದ.

ಇಡದೇ ಉಳಿಸಿಕೊಳ್ಳಬೇಕೆಂದರೆ ಘೋಷಣೆಯಾದ ದಿನವೇ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಿ. ಲೈಸೆನ್ಸ್ ನಕಲು, ಪಹಣಿ, ಕ್ರಿಮಿನಲ್ ಕೇಸ್ ಇಲ್ಲ ಎಂಬ ಅಫಿಡವಿಟ್, ಬೆಳೆ ಹಾಳಾದ ಫೋಟೋ, ಅರಣ್ಯ ಇಲಾಖೆಗೆ ಪರಿಹಾರಕ್ಕೆ ಹಾಕಿದ ಅರ್ಜಿ ಇದ್ದರೆ ಅದೂ ಜೊತೆಗಿರಲಿ. ನಕಲಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಆಗುವುದಿಲ್ಲ ಅಂದರೆ ಕಾರಣ ಬರೆದು ಹಿಂಬರಹ ಕೊಡಿ ಅನ್ನಿ. ಬಾಯಿಮಾತಿನಲ್ಲಿ ಗದರಿಸುವವರು ಹಿಂಬರಹ ಅಂದ ಕೂಡಲೇ ತಡವರಿಸುವುದು ಯಾಕೆಂದರೆ, ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುವುದು ಆ ಕಾಗದಕ್ಕೇ.

ವಾಪಸ್ ತರುವಾಗ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ತುಕ್ಕು ಕಂಡರೆ ಅದನ್ನು ರಿಜಿಸ್ಟರಿನಲ್ಲಿ ಬರೆಯಿಸಿದ ಮೇಲೆಯೇ ಸಹಿ ಹಾಕಿ.