ಪತ್ರಿಕೋದ್ಯಮದ ಓದು: ಹರಿದಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

"ಇಂಟರ್‌ನೆಟ್ ಕಾಲದಲ್ಲಿ ಪತ್ರಿಕೋದ್ಯಮ ಓದೋದು ದಂಡ. ಮೊಬೈಲ್ ಇದ್ರೆ ಸಾಕು. ಸುದ್ದಿಯ ಕಾನೂನೆಲ್ಲ ಪತ್ರಕರ್ತರಿಗೆ ಮಾತ್ರ" ಎಂಬ ಮೆಸೇಜ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕೊನೆಯ ಮಾತಂತೂ ಪೂರ್ತಿ ತಪ್ಪು, ಅಪಾಯ ಕೂಡ.

ಸುದ್ದಿ ಬರೆಯಲು ಡಿಗ್ರಿ ಬೇಕೇ ಬೇಕು ಎಂಬ ಕಾನೂನು ನಮ್ಮಲ್ಲಿಲ್ಲ, ಅದು ನಿಜ. ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯ ಎಲ್ಲ ನಾಗರಿಕರದ್ದು. ಆದರೆ ಹೊಣೆಯೂ ಎಲ್ಲರದ್ದೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಸುದ್ದಿಯನ್ನೇ ನೋಡಿ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಕೋರ್ಟ್ ಅನುಮತಿ ಇಲ್ಲದೆ ಮಗುವಿನ ಹೆಸರು, ಫೋಟೊ, ವಿಳಾಸ, ಶಾಲೆ, ಮನೆಯವರ ವಿವರ ಯಾವುದನ್ನೂ ಹಾಕುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಮುಖ ಮಸುಕು ಮಾಡಿ ಯೂನಿಫಾರ್ಮ್ ಹಾಗೇ ಬಿಟ್ಟರೂ ಶಾಲೆ ಗೊತ್ತಾಗಿಬಿಡುತ್ತದೆ ಅಲ್ವಾ?

ತರಗತಿಯಲ್ಲಿ ಕಲಿಸುವುದು ಇಂಥದ್ದನ್ನೇ. ಪೊಲೀಸರ ಮಾತನ್ನು ಎಫ್‌ಐಆರ್ ಜೊತೆ ತಾಳೆ ನೋಡುವುದು, ಹಳೇ ಪ್ರವಾಹದ ಫೋಟೊ ಹೊಸದೆಂದು ಬಂದರೆ ಪತ್ತೆ ಹಚ್ಚುವುದು, ಆರೋಪ ಹೊತ್ತವರನ್ನೂ ಮಾತಾಡಿಸುವುದು. ಎಲ್ಲರೂ ಸುದ್ದಿ ಹಾಕುವ ಈ ಕಾಲದಲ್ಲಿ ಈ ಓದಿನ ಬೆಲೆ ಜಾಸ್ತಿಯೇ ಆಗಿದೆ ಎಂದು ನಾನು ನಂಬುತ್ತೇನೆ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಪಿಯುಸಿ ಮುಗಿಸಿ ಕೋರ್ಸ್ ಆರಿಸುತ್ತಿರುವ ಮಕ್ಕಳ ಗುಂಪಿಗಂತೂ ಬೇಡವೇ ಬೇಡ.