ಸ್ಪಷ್ಟನೆ: ಎದುರು ಬೋಟ್ ಬಂದರೆ ಎಡಕ್ಕಲ್ಲ, ಬಲಕ್ಕೆ

ಶೆಟ್ಟಿಹಳ್ಳಿ ಚರ್ಚ್, ಹೇಮಾವತಿ ಹಿನ್ನೀರು ನೋಡಲು ಬರುವವರಿಗೆ ಅಂತ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ನೀರಿನಲ್ಲೂ ರಸ್ತೆ ಥರಾನೇ. ಎದುರು ಬೋಟ್ ಬಂದರೆ ಎಡಕ್ಕೆ ತಿರುಗಿಸಿ." ಇದನ್ನು ನಂಬಿ ಸ್ಟಿಯರಿಂಗ್ ಹಿಡಿಯಬೇಡಿ.

1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮದ ಪ್ರಕಾರ, ಎರಡು ಮೋಟಾರ್ ಬೋಟ್ ಎದುರಾದರೆ ಎರಡೂ ಬಲಕ್ಕೆ ತಿರುಗಬೇಕು. ನಿಯಮ ಬರೆದದ್ದು ಸಮುದ್ರಕ್ಕೆ, ನಿಜ. ಆದರೆ ಬೋಟ್ ಓಡಿಸಲು ಸರಿಯಾಗಿ ಕಲಿತವರಿಗೆ ರೂಢಿಯಾಗಿರುವುದು ಅದೇ. ಅವರು ಬಲಕ್ಕೆ, ನೀವು ಎಡಕ್ಕೆ ತಿರುಗಿದರೆ ಡಿಕ್ಕಿ ಗ್ಯಾರಂಟಿ.

"ಹಿನ್ನೀರು ಅಷ್ಟು ಅಗಲ ಇದೆ, ಗುದ್ದೋದು ಹೇಗೆ?" ಅಂತಲೂ ಅದರಲ್ಲಿದೆ. ಗಂಟೆಗೆ 40 ಕಿ.ಮೀ. ವೇಗದ ಎರಡು ಬೋಟ್ ಎದುರುಬದುರು ಬಂದರೆ 5 ಸೆಕೆಂಡಿನಲ್ಲಿ ಸುಮಾರು 110 ಮೀಟರ್ ಅಂತರ ಮುಗಿದುಹೋಗುತ್ತದೆ. ಫೋನ್ ನೋಡಿ ತಲೆ ಎತ್ತುವಷ್ಟು ಹೊತ್ತು, ಅಷ್ಟೇ. ಬೋಟಿಗೆ ಬ್ರೇಕ್ ಬೇರೆ ಇಲ್ಲ. ವೇಗ ಏರಿಸುವಾಗ ಅದರ ಮೂತಿ ಮೇಲೇಳುತ್ತದೆ. ಮುಂದೆ ಬಲೆ ಬಿಡುತ್ತಿರುವವರ ತೆಪ್ಪ ಆಗ ಮರೆಯಾಗುತ್ತದೆ. ಹುಟ್ಟು ಹಾಕಿ ಪಕ್ಕಕ್ಕೆ ಸರಿಯಲು ಪಾಪ ಅವರಿಗೆ ಟೈಮ್ ಎಲ್ಲಿದೆ?

ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂತ ಮೆಸೇಜಿನ ಕೊನೆಯಲ್ಲಿದೆ. ಆ ಸಾಲು ಮಾತ್ರ ಸರಿ.